ಹಳೆ ಫೋಟೋದಲ್ಲಿ ನಾಟಿ ಗದ್ದೆ ಇದೆ, ನಾಟಿ ಮಾಡುವವರು ಎಲ್ಲಿ?

ಬೈಲುಮನೆ (ಉಡುಪಿ):

ಎಲ್ಲರಿಗೂ ನಮಸ್ಕಾರ. ನಮ್ಮದು ಸ್ವರ್ಣಾ ನದಿ ಬದಿಯ ಒಂದು ಹಳ್ಳಿ. ಊರಿನ ಗ್ರಂಥಾಲಯದಲ್ಲಿ ಹಳೆ ಫೋಟೋಗಳ ಪ್ರದರ್ಶನ ಮಾಡುವುದು ಅಂತ ಆಗಿದೆ. ಫೋಟೋ ಒಟ್ಟು ಮಾಡಿ, ಒಂದೊಂದರ ಕೆಳಗೂ ನಾಲ್ಕು ಸಾಲು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮನೆ ಮನೆಗೆ ಹೋಗಿ ಕೇಳಿದಾಗ ಸಿಕ್ಕಿದ್ದು ಜಾಸ್ತಿ ಮದುವೆ ಫೋಟೋ, ಉಪನಯನದ ಫೋಟೋ, ಶಾಲೆಯ ಗ್ರೂಪ್ ಫೋಟೋ. ಇವುಗಳ ಮಧ್ಯೆ ಒಂದು ಗುತ್ತಿನ ಮನೆಯ (ಊರಿನ ಹಳೆ ಧಣಿಗಳ ಮನೆ) ಅಟ್ಟದಿಂದ ಬೇರೆಯೇ ಒಂದು ಸಿಕ್ಕಿತು. ದಪ್ಪ ರಟ್ಟಿಗೆ ಅಂಟಿಸಿದ ದೊಡ್ಡ ಫೋಟೋ. ನಮ್ಮದೇ ಬೈಲು, ಹಿಂದಿನ ಗುಡ್ಡ ನೋಡಿದರೆ ಅನುಮಾನವೇ ಇಲ್ಲ. ಮುಂದೆ ನೀರು ನಿಂತ ಗದ್ದೆ. ಮಧ್ಯದಲ್ಲಿ ಕಟ್ಟಪುಣಿ, ಅಂದರೆ ಗದ್ದೆಯ ಬದು. ಆಚೆ ಅಡಿಕೆ ತೋಟ. ಎಡಗಡೆ ಹಂಚಿನ ಮನೆ, ಅದಕ್ಕೆ ತಾಗಿ ಮುಳಿಹುಲ್ಲಿನ ಕೊಟ್ಟಿಗೆ. ಆಕಾಶ ಪೂರ್ತಿ ಬಿಳಿ, ಹೆಸರಿಗೂ ಒಂದು ಮೋಡ ಇಲ್ಲ. ಹಂಚಿನ ಮಾಡು ಕಪ್ಪು. ಮುರಕಲ್ಲಿನ ಗೋಡೆಯೂ ಕಪ್ಪು. ಗದ್ದೆಯೊಳಗೆ ಒಬ್ಬರೂ ಇಲ್ಲ. ಕಟ್ಟಪುಣಿಯ ಮೇಲೆ ಮಾತ್ರ ಇಬ್ಬರು ಗಂಡಸರು, ಕೈ ಇಳಿಬಿಟ್ಟು ಕ್ಯಾಮೆರಾ ಕಡೆಗೆ ನೋಡುತ್ತಾ ನಿಂತಿದ್ದಾರೆ. ಒಬ್ಬರ ಹೆಗಲ ಮೇಲೆ ಶಾಲು, ಇನ್ನೊಬ್ಬರ ಕೈಯಲ್ಲಿ ಮಡಚಿದ ಕೊಡೆ.

ಸಮಿತಿಯವರು ಇದಕ್ಕೆ 'ಅಂದಿನ ಪ್ರಶಾಂತ ಹಳ್ಳಿ ಬದುಕು' ಅಂತ ಬರೆಯುವಾ ಎನ್ನುತ್ತಿದ್ದಾರೆ. ನಮ್ಮ ಅತ್ತೆ ಫೋಟೋವನ್ನು ಕಿಟಕಿ ಹತ್ತಿರ ಹಿಡಿದು ನೋಡಿ ಒಂದೇ ಮಾತು ಕೇಳಿದರು: "ಗದ್ದೆಗೆ ಇಷ್ಟು ನೀರು ಬಿಟ್ಟ ದಿನ ಅಲ್ಲಿ ಹೆಂಗಸರು ಇಲ್ಲದೆ ಇರ್ತಾರಾ?" ಆಗಿನಿಂದ ನನಗೆ ಸಮಾಧಾನ ಇಲ್ಲ. ಅವರೂ ಹದಿಮೂರು ವರ್ಷಕ್ಕೇ ನೇಜಿ (ಭತ್ತದ ಸಸಿ) ನೆಡಲು ಇಳಿದವರು.

ಯುರೋಪಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಹಳೆ ಫೋಟೋಗಳನ್ನು ಈಗ ನೆಟ್‌ನಲ್ಲಿ ನೋಡಬಹುದಲ್ವಾ, ಅದರಲ್ಲೂ ನಾನು ನೋಡಿದ ಕೆಲವು ಗದ್ದೆ-ತೋಟದ ಚಿತ್ರಗಳು ಹೀಗೇ ಇವೆ. ಸುಂದರ, ಖಾಲಿ. ಆ ಕಾಲದ ಕ್ಯಾಮೆರಾಕ್ಕೆ ಕೆಲಸ ಮಾಡುವವರು ಕಾಣುತ್ತಿರಲಿಲ್ಲವಾ? ಅಥವಾ ತೆಗೆಯುವವರಿಗೇ ಅವರು ಬೇಡವಾಗಿತ್ತಾ? ತಿಳಿದವರು ದಯವಿಟ್ಟು ಹೇಳಿ. ಊರಿನ ಮಕ್ಕಳು ನೋಡುವ ಪ್ರದರ್ಶನ ಇದು. ಸುಳ್ಳು ಬರೆಯುವುದು ನನಗೆ ಬೇಡ.

ಕೆಂಪು ಬಲ್ಬು (ಮಂಗಳೂರು):

ಅಕ್ಕ, 'ಪ್ರಶಾಂತ' ಅಂತ ಮಾತ್ರ ಬರೆಯಬೇಡಿ. ನಿಮ್ಮ ಅತ್ತೆ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ.

ಹಂಪನಕಟ್ಟೆ ಹತ್ತಿರ ನಮ್ಮದೊಂದು ಸ್ಟುಡಿಯೋ ಇತ್ತು. ಚಿಕ್ಕಪ್ಪನ ಜೊತೆ ಡಾರ್ಕ್‌ರೂಮಿನಲ್ಲೇ ಬೆಳೆದವನು ನಾನು. ಅಲ್ಲಿ ಕೆಂಪು ಬಲ್ಬು ಉರಿಯುತ್ತಿತ್ತು. ಯಾಕೆ ಅಂದರೆ ಕಪ್ಪು-ಬಿಳುಪು ಪ್ರಿಂಟ್ ಹಾಕುವ ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ. 19ನೇ ಶತಮಾನದಲ್ಲಿ ಫಿಲ್ಮಿನ ಬದಲು ಕ್ಯಾಮೆರಾಕ್ಕೆ ಹಾಕುತ್ತಿದ್ದ ಗಾಜಿನ ಪ್ಲೇಟುಗಳ ಕಥೆಯೂ ಅದೇ. ಅವಕ್ಕೆ ಕಾಣುತ್ತಿದ್ದದ್ದು ಹೆಚ್ಚಾಗಿ ನೀಲಿ. ಹಸಿರು, ಹಳದಿ, ಕೆಂಪಿಗೆ ಅವು ಹೆಚ್ಚುಕಮ್ಮಿ ಕುರುಡು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್, ಬಣ್ಣ ಬೆರೆಸಿದರೆ ಪ್ಲೇಟಿಗೆ ಹಸಿರೂ ಕಾಣುತ್ತದೆ ಎಂದು ಕಂಡುಹಿಡಿದರು. ಕೆಂಪನ್ನೂ ಹಿಡಿಯುವ ಪ್ಲೇಟು ಅಂಗಡಿಗೆ ಬಂದದ್ದು 20ನೇ ಶತಮಾನ ಶುರುವಾದ ಮೇಲೆ.

ಈಗ ನಮ್ಮ ಊರನ್ನು ನೆನಪು ಮಾಡಿಕೊಳ್ಳಿ. ಮಣ್ಣು ಕೆಂಪು, ಮುರಕಲ್ಲು ಕೆಂಪು, ಹಂಚು ಕೆಂಪು, ಉಳಿದದ್ದೆಲ್ಲ ಹಸಿರು. ಆ ಪ್ಲೇಟಿಗೆ ಇಡೀ ತುಳುನಾಡು ಕಪ್ಪು! ಹೊಸ ಹಂಚಿನ ಮಾಡೂ ಮಸಿ ಹಿಡಿದ ಹಾಗೆ ಕಾಣುತ್ತದೆ. ಜನರ ಮೈಬಣ್ಣವೂ ಇದ್ದದ್ದಕ್ಕಿಂತ ಜಾಸ್ತಿ ಕಪ್ಪಾಗಿ ಬಂದಿದೆ. ಇದನ್ನು ಮಕ್ಕಳಿಗೆ ಖಂಡಿತ ಹೇಳಬೇಕು. ಹಳೆ ಫೋಟೋ ನೋಡಿ "ಆಗ ಮನೆಗಳೆಲ್ಲ ಕತ್ತಲೆ, ಜನರೆಲ್ಲ ಕೊಳಕು" ಅಂದುಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅದು ಜನರ ಕೊಳೆ ಅಲ್ಲ, ಪ್ಲೇಟಿನ ಕುರುಡು.

ಆಕಾಶದ್ದು ಇದರ ಉಲ್ಟಾ. ನೀಲಿ ಬೆಳಕು ಪ್ಲೇಟಿಗೆ ಎಷ್ಟು ಜೋರಾಗಿ ಹೊಡೆಯುತ್ತಿತ್ತು ಅಂದರೆ, ನೆಲ ಸರಿಯಾಗಿ ಬರುವಷ್ಟರಲ್ಲಿ ಆಕಾಶ ಪೂರ್ತಿ ಬಿಳಿಯಾಗಿ ಬಿಡುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಸಮುದ್ರದ್ದೊಂದು, ಆಕಾಶದ್ದೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಪ್ರಿಂಟಿಗೆ ಸೇರಿಸುತ್ತಿದ್ದರು. ಅದೇ ದಶಕದಲ್ಲಿ ಬೇಲೂರು-ಹಳೇಬೀಡಿನ ಫೋಟೋ ತೆಗೆದು, ಆಮೇಲೆ ಮದ್ರಾಸ್ ಸರ್ಕಾರದ ಫೋಟೋಗ್ರಾಫರ್ ಆದ ಲಿನೇಯಸ್ ಟ್ರೈಪ್, ನೆಗೆಟಿವ್ ಮೇಲೆ ಕೈಯಿಂದಲೇ ಮೋಡ ತಿದ್ದುತ್ತಿದ್ದರು. ಹಾಗಾಗಿ ಆ ಕಾಲದ ಚಿತ್ರದಲ್ಲಿ ಚಂದದ ಮೋಡ ಕಂಡರೆ ಅಲ್ಲೇ ಸ್ವಲ್ಪ ನಿಂತು ನೋಡಿ.

ಇನ್ನು ಜನ. 1838ರಲ್ಲಿ ಡಾಗೇರ್ ಪ್ಯಾರಿಸ್ಸಿನ ಒಂದು ಗಿಜಿಗುಡುವ ರಸ್ತೆಯನ್ನು ತೆಗೆದರು. ಗಾಡಿ, ಕುದುರೆ, ಜನ, ಯಾವುದೂ ಬರಲಿಲ್ಲ. ಬಂದದ್ದು ಶೂ ಪಾಲಿಶ್ ಮಾಡಿಸಿಕೊಳ್ಳುತ್ತಾ ನಿಂತ ಒಬ್ಬ, ಪಾಲಿಶ್ ಮಾಡುವ ಇನ್ನೊಬ್ಬ. ಲೆನ್ಸ್ ನಿಮಿಷಗಟ್ಟಲೆ ತೆರೆದೇ ಇರುತ್ತಿತ್ತು. ಓಡಾಡುವವರು ಅಳಿಸಿಹೋಗುತ್ತಿದ್ದರು. 1851ರಲ್ಲಿ ಆರ್ಚರ್ ಅವರ ಕೊಲೋಡಿಯನ್ ಪ್ಲೇಟು ಬಂದ ಮೇಲೆ ಸಮಯ ಸೆಕೆಂಡುಗಳಿಗೆ ಇಳಿಯಿತು. ಆದರೆ ಪ್ಲೇಟಿಗೆ ಮದ್ದು ಬಳಿದು, ಅದು ಒಣಗುವ ಮೊದಲೇ ಫೋಟೋ ತೆಗೆದು ತೊಳೆಯಬೇಕು. ಅಂದರೆ ಗದ್ದೆ ಬದಿಯಲ್ಲೇ ಕತ್ತಲೆ ಡೇರೆ ಹಾಕಬೇಕು. ನಮ್ಮ ಸೆಕೆಗೆ ಆ ಮದ್ದು ಒಣಗಲು ಎಷ್ಟು ಹೊತ್ತು ಬೇಕು ಹೇಳಿ!

ಆಮೇಲೆ ಬಂತು ಜೆಲಾಟಿನ್ ಬಳಿದ ಒಣ ಪ್ಲೇಟು. 1871ರಲ್ಲಿ ಮ್ಯಾಡಾಕ್ಸ್ ದಾರಿ ತೋರಿಸಿದರು, 1880ರ ಹೊತ್ತಿಗೆ ಕಾರ್ಖಾನೆಯಲ್ಲೇ ತಯಾರಾಗುತ್ತಿತ್ತು. ಒಳ್ಳೆ ಬಿಸಿಲಿದ್ದರೆ ಒಂದು ಸೆಕೆಂಡೂ ಬೇಡ.

ಹಾಗಾಗಿ ಎರಡು ವಿಷಯ ನೋಡಿ ಹೇಳಿ. ಭೂತಗನ್ನಡಿ ಹಿಡಿದರೆ ಕಾಗದದ ನಾರು ಕಾಣುತ್ತದಾ? ಬಿಳಿ ಜಾಗ ಹಳದಿಯಾಗಿದೆಯಾ? ಹಾಗಿದ್ದರೆ ಮೊಟ್ಟೆಯ ಬಿಳಿ ಲೋಳೆ ಬಳಿದ ಆಲ್ಬುಮೆನ್ ಕಾಗದ, ಹೆಚ್ಚಾಗಿ 1890ರ ದಶಕದ ಒಳಗಿನದ್ದು. ನಾರು ಕಾಣದೆ, ಓರೆಯಾಗಿ ಹಿಡಿದಾಗ ಕಪ್ಪು ಜಾಗದಲ್ಲಿ ನೀಲಿ-ಬೆಳ್ಳಿ ಹೊಳಪು ಕಂಡರೆ ಜೆಲಾಟಿನ್ ಕಾಗದ, ಅದು ನಂತರದ್ದು, ಒಣ ಪ್ಲೇಟಿನ ಕಾಲದ್ದು. ಜೆಲಾಟಿನ್ ಆಗಿದ್ದರೆ ಗದ್ದೆ ಖಾಲಿ ಇರುವುದಕ್ಕೆ ಪ್ಲೇಟನ್ನು ದೂರಿ ಪ್ರಯೋಜನ ಇಲ್ಲ.

ಮುರಕಲ್ಲು (ಮಂಗಳೂರು):

ಕೆಂಪು ಬಲ್ಬು ಅಣ್ಣ ಪ್ಲೇಟಿನ ಕಣ್ಣಿನ ಬಗ್ಗೆ ಹೇಳಿದರು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು, ಫೋಟೋ ತೆಗೆಯುವವರ ಕಣ್ಣಿನ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಹಳ್ಳಿ ಅಂದರೆ ಹೀಗಿರಬೇಕು ಎಂಬ ಒಂದು ಚಿತ್ರ ಅವರ ತಲೆಯಲ್ಲಿ ಮೊದಲೇ ಇತ್ತು. ಅದು ಇಂಗ್ಲೆಂಡಿನ ವರ್ಣಚಿತ್ರಗಳಿಂದ ಬಂದದ್ದು. ಮುಂದೆ ನೀರು, ಮಧ್ಯೆ ಮರ, ಹಿಂದೆ ಗುಡ್ಡ, ಅಳತೆ ಗೊತ್ತಾಗಲು ಎಲ್ಲೋ ಒಂದು ಮೂಲೆಯಲ್ಲಿ ಒಬ್ಬಿಬ್ಬರು ಮನುಷ್ಯರು. ಸ್ಯಾಮ್ಯುಯೆಲ್ ಬೌರ್ನ್ 1863ರಲ್ಲಿ ಭಾರತಕ್ಕೆ ಬಂದು 1870ರವರೆಗೆ ಇದ್ದವರು. ಕೂಲಿಗಳ ದೊಡ್ಡ ಸಾಲೇ ಹೊತ್ತು ತಂದ ಸಾಮಾನಿನೊಂದಿಗೆ ಹಿಮಾಲಯ ಹತ್ತಿ ಅದ್ಭುತ ಚಿತ್ರ ತೆಗೆದರು. ಆದರೆ ಅವರ ಬರಹದಲ್ಲಿ ಒಂದು ದೂರು ಇದೆ. ಇಲ್ಲಿನ ಜನರಿಗೆ ಸಹಜವಾಗಿ ನಿಲ್ಲಲು ಬರುವುದಿಲ್ಲ, ಕೈ ಇಳಿಬಿಟ್ಟು, ಗದ್ದ ಎತ್ತಿ ಸೆಟೆದು ನಿಲ್ಲುತ್ತಾರೆ ಅಂತ. ಅಲ್ಲಾಡಬೇಡ ಅಂತ ಹೇಳುವವರೂ ಅವರೇ, ಸೆಟೆದು ನಿಂತೆ ಅಂತ ಬೈಯುವವರೂ ಅವರೇ. ನಿಮ್ಮ ಕಟ್ಟಪುಣಿಯ ಇಬ್ಬರು ಹಾಗೆ ಯಾಕೆ ನಿಂತಿದ್ದಾರೆ ಎನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಇದು ಬರೀ ನಮ್ಮ ದೇಶಕ್ಕೆ ಆದದ್ದಲ್ಲ. ಇಂಗ್ಲೆಂಡಿನಲ್ಲೇ ಹೆನ್ರಿ ಪೀಚ್ ರಾಬಿನ್ಸನ್ ಹಳ್ಳಿ ಹುಡುಗಿಯರ ಹಳೆ ಬಟ್ಟೆ ಕೊಂಡು, ಅದನ್ನು ಪಟ್ಟಣದ ಹುಡುಗಿಯರಿಗೆ ಉಡಿಸಿ ಹಳ್ಳಿ ಚಿತ್ರ ತೆಗೆಯುತ್ತಿದ್ದರು. ನಿಜವಾದ ಹಳ್ಳಿಯವರು ಅವರ ಚಿತ್ರಕ್ಕೆ ಹೊಂದುತ್ತಿರಲಿಲ್ಲ. ಇದನ್ನು ಕಟುವಾಗಿ ವಿರೋಧಿಸಿದವರು ಪೀಟರ್ ಹೆನ್ರಿ ಎಮರ್ಸನ್. 1886ರಲ್ಲಿ ಅವರು ಚಿತ್ರಕಾರ ಗುಡಾಲ್ ಜೊತೆ ಸೇರಿ ನಾರ್ಫೋಕ್ ಬ್ರಾಡ್ಸ್ ಎಂಬ ಜೌಗು ಸೀಮೆಯ 40 ಪ್ಲಾಟಿನಂ ಪ್ರಿಂಟ್‌ಗಳ ಆಲ್ಬಂ ಹೊರತಂದರು. ಜೊಂಡು ಕೊಯ್ಯುವವರು, ಹುಲ್ಲು ಹೇರಿದ ದೋಣಿ, ಮೀನು ಹಿಡಿಯುವವರು, ಎಲ್ಲ ಅವರವರ ಜಾಗದಲ್ಲೇ, ಅವರವರ ಕೆಲಸದಲ್ಲೇ. ನಮ್ಮ ನದಿ ಬದಿಯ ಬೈಲುಗಳನ್ನು ಬಲ್ಲವರಿಗೆ ಆ ಚಿತ್ರಗಳು ತುಂಬಾ ಹತ್ತಿರದವು ಅನಿಸುತ್ತವೆ. ನನಗಂತೂ ಅವು ಬಹಳ ಇಷ್ಟ. ಆದರೂ ಗಮನಿಸಿ, ಅದೇ ಹೊತ್ತಿಗೆ ಅಲ್ಲಿಗೆ ರೈಲಿನಲ್ಲಿ ಪ್ರವಾಸಿಗಳು ಬರುತ್ತಿದ್ದರು. ಆಲ್ಬಂ ನೋಡಿದರೆ ಆ ಸೀಮೆಗೆ ರೈಲು ಬಂದದ್ದೇ ಗೊತ್ತಾಗುವುದಿಲ್ಲ.

ನಮ್ಮ ಕಡೆಯ ಬಾಸೆಲ್ ಮಿಷನ್ನಿನವರು ಬಂದದ್ದು 1834ರಲ್ಲಿ. ಅವರ ಫೋಟೋಗಳು ಯುರೋಪಿನಲ್ಲಿ ಹಣ ಕೊಡುವ ಭಕ್ತರಿಗೂ ತೋರಿಸಲು ಇದ್ದವು. ಶಾಲೆ, ಪ್ರೆಸ್ಸು, ನೇಯ್ಗೆ, 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆ, ಇಲ್ಲೆಲ್ಲ ಜನ ಕೆಲಸ ಮಾಡುತ್ತಾ ಕಾಣುತ್ತಾರೆ. ಮಿಷನ್ನಿಗೆ ಹೇಳಬೇಕಾದ ಕಥೆ ಅಲ್ಲಿತ್ತು. ಅದರ ಜೊತೆಗೆ ಜನರನ್ನು ಜಾತಿಯ ಮಾದರಿಗಳಾಗಿ ನಿಲ್ಲಿಸಿ ತೆಗೆಯುವ ಅಭ್ಯಾಸವೂ ಆಗ ಬೆಳೆಯಿತು. 1909ರಲ್ಲಿ ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ 7 ಸಂಪುಟ ತಂದಾಗ, ಫೋಟೋಗಳ ಕೆಳಗೆ ಹೆಚ್ಚಾಗಿ ಅಚ್ಚಾದದ್ದು ಜಾತಿಯ ಹೆಸರು, ಮನುಷ್ಯನ ಹೆಸರಲ್ಲ. ನಿಮ್ಮ ರಟ್ಟಿನ ಹಿಂದೆ ಏನಾದರೂ ಬರೆದಿದೆಯಾ? ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹದಲ್ಲೂ ಒಮ್ಮೆ ವಿಚಾರಿಸಿ.

ಬೈಲುಮನೆ (ಉಡುಪಿ):

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಟ್ಟಿನ ಹಿಂದೆ ಏನೂ ಬರೆದಿಲ್ಲ. ನಾರು ಕಾಣುವುದಿಲ್ಲ. ಓರೆಯಾಗಿ ಹಿಡಿದರೆ ತೋಟದ ಕಪ್ಪು ಭಾಗದಲ್ಲಿ ನೀಲಿ ಹೊಳಪು ಚೆನ್ನಾಗಿಯೇ ಕಾಣುತ್ತದೆ.

ಉಡುಪಿಗೆ ಹೋಗಿ ದೊಡ್ಡದಾಗಿ ಸ್ಕ್ಯಾನ್ ಮಾಡಿಸಿದೆ. ಹಿಗ್ಗಿಸಿ ನೋಡುವಾಗ ಬಲಗಡೆಯ ಗದ್ದೆಯಲ್ಲಿ ಹೊಸದೊಂದು ಕಂಡಿತು. ನೀರಿನಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಕಪ್ಪು ಗುಪ್ಪೆಗಳು ಬಿದ್ದಿವೆ. ಗದ್ದೆಯ ಆಚೆ ಅರ್ಧದಲ್ಲಿ ಚುಕ್ಕಿ ಚುಕ್ಕಿ ಸಾಲು, ಈಚೆ ಅರ್ಧದಲ್ಲಿ ಬರೀ ನೀರು. ಗದ್ದೆಯಿಂದ ಗದ್ದೆಗೆ ನೀರು ಬೀಳುವ ಕಂಡಿಯ ಹತ್ತಿರ ನೀರು ಮಸುಕಾಗಿದೆ. ಮನೆಯ ಅಂಗಳದ ಬದಿಯಲ್ಲಿ ಬೈಹುಲ್ಲಿನ ದೊಡ್ಡ ಕುತ್ತರಿ (ಬಣವೆ). ಸ್ಕ್ಯಾನ್ ಇಲ್ಲಿ ಹಾಕಿದ್ದೇನೆ, ನೋಡಿ.

ಸುಗ್ಗಿ ಗದ್ದೆ (ಬ್ರಹ್ಮಾವರ):

ತಂಗಿ, ಅದು ನೇಜಿ ಕಟ್ಟು.

ನನಗೆ ಕ್ಯಾಮೆರಾ ಗೊತ್ತಿಲ್ಲ, ಗದ್ದೆ ಗೊತ್ತು. ಅಗೆ ಕಿತ್ತು, ಕಟ್ಟು ಕಟ್ಟಿ, ನೆಡುವವರ ಕೈಗೆ ಸಿಗುವ ಹಾಗೆ ಗದ್ದೆಯಲ್ಲಿ ಅಲ್ಲಲ್ಲಿ ಬಿಸಾಡುವುದು. ನೆಡುವವರು ಹಿಂದೆ ಹಿಂದೆ ಬರುತ್ತಾ, ಕೈಯದ್ದು ಮುಗಿದ ಹಾಗೆ ಹತ್ತಿರದ ಕಟ್ಟು ಎತ್ತಿಕೊಳ್ಳುವುದು. ಆಚೆ ಅರ್ಧದ ಚುಕ್ಕಿ ಸಾಲು ನೆಟ್ಟು ಆದದ್ದು. ಈಚೆ ಅರ್ಧ ಬಾಕಿ. ಅಂದರೆ ಫೋಟೋ ತೆಗೆಯುವಾಗ ನಾಟಿ ಅರ್ಧದಲ್ಲಿತ್ತು. ಕಟ್ಟು ನೀರಿನಲ್ಲಿ ಬಿಟ್ಟು ಯಾರೂ ಮನೆಗೆ ಹೋಗುವುದಿಲ್ಲ. ಬದಿಗೆ ಹೋಗಿ ನಿಲ್ಲಿ ಅಂತ ಯಾರೋ ಹೇಳಿದ್ದಾರೆ. ಆ ಹೆಂಗಸರು ಅಲ್ಲೇ, ಚಿತ್ರದ ಅಂಚಿನ ಆಚೆ, ಕಾಲು ಕೆಸರಿನಲ್ಲಿ ಇಟ್ಟುಕೊಂಡು ಕಾಯುತ್ತಿದ್ದರು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಕಾಲವನ್ನೂ ಹೇಳಬಹುದು. ಏಣೇಲಿನ (ಮಳೆಗಾಲದ ಮೊದಲ ಬೆಳೆ) ನಾಟಿ ಆದರೆ ಜೋರು ಮಳೆ. ಆಗ ಮನೆಯ ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿರುತ್ತಾರೆ, ಇರಿಚಲು ಹೊಡೆಯಬಾರದಲ್ಲ. ಇಲ್ಲಿ ತಟ್ಟಿ ಇಲ್ಲ, ಜಗಲಿ ತೆರೆದಿದೆ. ಯಾರ ತಲೆಯ ಮೇಲೂ ಗೊರಬೆ (ಮಳೆಗೆ ತಲೆ-ಬೆನ್ನು ಮುಚ್ಚುವ ಎಲೆಯ ಹೊದಿಕೆ) ಇಲ್ಲ. ಅಂಗಳದಲ್ಲಿ ಹುಲ್ಲಿನ ಕುತ್ತರಿ ಎದ್ದಿದೆ, ಅಂದರೆ ಏಣೇಲು ಕೊಯ್ದು ಬಡಿದು ಆಗಿದೆ. ಇದು ಸುಗ್ಗಿ ಬೆಳೆಯ, ಅಂದರೆ ಎರಡನೇ ಬೆಳೆಯ ನಾಟಿ. ದೀಪಾವಳಿಯ ಆಸುಪಾಸು ಅಂತ ಇಟ್ಟುಕೊಳ್ಳಿ.

ಇನ್ನೊಂದು. ನೀರು ಬೀಳುವ ಗದ್ದೆಯಲ್ಲಿ ನಾಟಿಯ ದಿನ ಶಾಲು ಹೊದ್ದು ಕೊಡೆ ಹಿಡಿದು ನಿಂತವರು ನೆಡುವವರೂ ಅಲ್ಲ, ಹೂಡುವವರೂ ಅಲ್ಲ. ಹೂಡುವವನ ತಲೆಯಲ್ಲಿ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಇರುತ್ತಿತ್ತು, ಮೊಣಕಾಲಿನವರೆಗೆ ಕೆಸರಿರುತ್ತಿತ್ತು. ಇವರು ಧಣಿಗಳ ಮನೆಯವರು. ಫೋಟೋ ಸಿಕ್ಕಿದ್ದೂ ಗುತ್ತಿನ ಮನೆಯ ಅಟ್ಟದಲ್ಲೇ ಅಲ್ವಾ? ನಮ್ಮ ಅಪ್ಪ ಚಾಲಗೇಣಿ (ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿ) ಒಕ್ಕಲು. ಗೇಣಿ ಅಕ್ಕಿ ಅಳೆದು ಕೊಟ್ಟು ಉಳಿದದ್ದರಲ್ಲಿ ನಮ್ಮ ಊಟ. 1974ರ ಭೂಸುಧಾರಣೆ ಕಾನೂನಿನ ನಂತರ ಡಿಕ್ಲರೇಶನ್ ಕೊಟ್ಟು ಗದ್ದೆ ನಮ್ಮದಾಯಿತು. ಅಪ್ಪ ಜೀವಮಾನ ಇಡೀ ದುಡಿದ ಗದ್ದೆಯಲ್ಲಿ ಅಪ್ಪನ ಒಂದು ಫೋಟೋ ಇಲ್ಲ. ಅಮ್ಮನದ್ದಂತೂ ಎಲ್ಲೂ ಇಲ್ಲ. ಈ ಬೇಸರ ನನ್ನೊಬ್ಬನದ್ದಲ್ಲ, ಈ ಕರಾವಳಿಯಲ್ಲಿ ಸಾವಿರ ಮನೆಗಳದ್ದು. ಅದಕ್ಕೇ ಇಷ್ಟು ಉದ್ದ ಬರೆದೆ.

ಕೆಂಪು ಬಲ್ಬು (ಮಂಗಳೂರು):

ಅಣ್ಣ, ನೀವು ಹೇಳಿದ್ದಕ್ಕೆ ಪ್ಲೇಟೂ ಸಾಕ್ಷಿ ಹೇಳುತ್ತದೆ. ಸ್ಕ್ಯಾನ್ ನೋಡಿದೆ. ಕಂಡಿಯ ನೀರು ಮಸುಕಾಗಿದೆ, ಅಡಿಕೆ ಸೋಗೆಯ ತುದಿಯೂ ಸ್ವಲ್ಪ ಅಲುಗಿದೆ, ಆದರೆ ಕುತ್ತರಿಯ ಮೇಲಿನ ಕಾಗೆ ಸ್ಪಷ್ಟವಾಗಿಯೇ ಬಂದಿದೆ. ಹಾಗಾದರೆ ಲೆನ್ಸ್ ತೆರೆದಿದ್ದದ್ದು ಹೆಚ್ಚೆಂದರೆ ಅರ್ಧ ಸೆಕೆಂಡು, ಒಂದು ಸೆಕೆಂಡು. ಬಗ್ಗಿ ನೆಡುವವರು ಇದ್ದಿದ್ದರೆ ಕೈ ಮಸುಕಾಗುತ್ತಿತ್ತು, ಬೆನ್ನು ಖಂಡಿತ ಬರುತ್ತಿತ್ತು. ಪ್ಲೇಟು ಅವರನ್ನು ಅಳಿಸಿಲ್ಲ. ಅವರನ್ನು ಬದಿಗೆ ಕಳಿಸಿದ್ದಾರೆ.

ಮಳೆಗಾಲದ ಚಿತ್ರ ಯಾಕೆ ಇಷ್ಟು ಕಡಿಮೆ ಎನ್ನುವುದಕ್ಕೂ ಕಾರಣ ಇದೆ. ಜೆಲಾಟಿನ್‌ಗೆ ತೇವ ಆಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ತೊಳೆಯುವ ನೀರು ಬೆಚ್ಚಗಿದ್ದರೆ ಗಾಜಿನಿಂದ ಕಿತ್ತು ಬರುತ್ತದೆ. ಬೆಳಕೂ ಸಾಲದು. ಹಾಗಾಗಿ ನಮ್ಮ ಬೇಸಾಯದ ಅತಿ ದೊಡ್ಡ ಕೆಲಸ, ಜೋರು ಮಳೆಯಲ್ಲಿ ಊರಿಗೆ ಊರೇ ಗದ್ದೆಗೆ ಇಳಿಯುವುದು, ಆ ಕಾಲದ ಪ್ಲೇಟುಗಳಿಗೆ ಸಿಕ್ಕಿದ್ದು ಬಹಳ ಕಡಿಮೆ.

ಅಕ್ಕ, ಆ ಫೋಟೋಗೆ ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ಪ್ರದರ್ಶನಕ್ಕೆ ಸ್ಕ್ಯಾನಿನ ಪ್ರತಿ ಹಾಕಿ, ಮೂಲವನ್ನು ಗುತ್ತಿನ ಮನೆಯವರಿಗೆ ಹಿಂದೆ ಕೊಡಿ. ಅಟ್ಟದಲ್ಲಿ ಬೇಡ, ಕೆಳಗೆ ಒಣ ಕಪಾಟಿನಲ್ಲಿ ಇಡಲು ಹೇಳಿ. ಅವರಲ್ಲಿ ಗಾಜಿನ ಪ್ಲೇಟೇನಾದರೂ ಇದ್ದರೆ ಒಂದರ ಮೇಲೊಂದು ಪೇರಿಸುವುದು ಬೇಡ. ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಅಂಚಿನ ಮೇಲೆ ನಿಲ್ಲಿಸಿ ಇಡಬೇಕು.

ಬೈಲುಮನೆ (ಉಡುಪಿ):

ಅತ್ತೆಗೆ ಸುಗ್ಗಿ ಗದ್ದೆ ಅಣ್ಣನ ಉತ್ತರ ಓದಿ ಹೇಳಿದೆ. "ಅದು ನೇಜಿ ಕಟ್ಟೇ" ಅಂದರು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿ.

ಹೀಗೆ ಬರೆದಿದ್ದೇನೆ: "ಸುಗ್ಗಿ ಬೆಳೆಯ ನಾಟಿಯ ದಿನ. ಬಲಗಡೆ ನೀರಿನಲ್ಲಿ ಕಾಣುವುದು ನೇಜಿ ಕಟ್ಟುಗಳು. ಗದ್ದೆ ಅರ್ಧ ನೆಟ್ಟಾಗಿದೆ. ನೆಡುತ್ತಿದ್ದವರು ಚಿತ್ರದಲ್ಲಿ ಇಲ್ಲ, ಫೋಟೋ ತೆಗೆಯುವಾಗ ಅವರನ್ನು ಬದಿಗೆ ಸರಿಸಿದ ಹಾಗಿದೆ. ಮನೆಯ ಮಾಡು, ಗೋಡೆ ನಿಜವಾಗಿ ಕೆಂಪು. ಆ ಕಾಲದ ಗಾಜಿನ ಪ್ಲೇಟಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ." ಸಮಿತಿಯಲ್ಲಿ ಒಬ್ಬಿಬ್ಬರು 'ಸರಿಸಿದ ಹಾಗಿದೆ' ಎನ್ನುವುದನ್ನು ತೆಗೆಯಿರಿ ಅಂದರು. ನಾನು ತೆಗೆಯುವುದಿಲ್ಲ.

ಸುಗ್ಗಿ ಗದ್ದೆ (ಬ್ರಹ್ಮಾವರ):

ಒಳ್ಳೆದಾಯಿತು ತಂಗಿ, ತೆಗೆಯಬೇಡಿ. ಇನ್ನೊಂದು ಸಾಲು ಸೇರಿಸಿ. ಆ ಗದ್ದೆಗೆ ಒಂದು ಹೆಸರು ಇದ್ದೇ ಇರುತ್ತದೆ. ಬಾಕಿಮಾರೋ, ಕಂಬಳಗದ್ದೆಯೋ, ಇನ್ನೇನೋ. ನಿಮ್ಮ ಅತ್ತೆಯ ಪ್ರಾಯದವರಿಗೆ ಗೊತ್ತಿರುತ್ತದೆ. ಯಾವ ಯಾವ ಮನೆಯ ಹೆಂಗಸರು ಅಲ್ಲಿ ನೆಡಲು ಹೋಗುತ್ತಿದ್ದರು ಅಂತಲೂ ಕೇಳಿ. ಆ ಮನೆಗಳ ಹೆಸರು ಬರೆಯಿರಿ. ಅವರ ಮೊಮ್ಮಕ್ಕಳು ಈಗಲೂ ನಿಮ್ಮ ಊರಿನಲ್ಲೇ ಇರಬಹುದು, ಅವರನ್ನೂ ಪ್ರದರ್ಶನಕ್ಕೆ ಕರೆಯಿರಿ. ಬ್ರಹ್ಮಾವರದಿಂದ ನಾನೂ ಬರುತ್ತೇನೆ, ದಿನ ಗೊತ್ತಾದ ಕೂಡಲೇ ಇಲ್ಲಿ ಹಾಕಿ.